ಬಜೆಟ್‌ನ ‘ಕಟ್ಟುವ ಹಣ’ ನಮ್ಮೂರ ಡೇರಿವರೆಗೆ ಬರುವ ದಾರಿ



ರಾಜ್ಯದ ಬಜೆಟ್ ಮಂಡನೆಯಾದ ಮರುದಿನ ಡೇರಿ ಬಾಗಿಲಲ್ಲಿ ಕೇಳಿಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಡಾಕ್ಟ್ರೇ, ಹಾಲಿಗೆ ಎಷ್ಟು ಜಾಸ್ತಿ ಮಾಡಿದ್ರು?” ನ್ಯಾಯವಾದ ಪ್ರಶ್ನೆಯೇ. ಆದರೆ ಅದೇ ಬಜೆಟ್‌ನಲ್ಲಿ ರಸ್ತೆ, ಸೇತುವೆ, ಕೆರೆ, ಪಶು ಆಸ್ಪತ್ರೆ, ಶಾಲೆ ಇವುಗಳನ್ನು ಕಟ್ಟಲು ಇಡುವ ಹಣವೂ ಇರುತ್ತದೆ. ಅದರ ಬಗ್ಗೆ ನಮ್ಮಲ್ಲಿ ಕೇಳುವವರು ಕಡಿಮೆ. ಅದು ಗುತ್ತಿಗೆದಾರರ, ಇಂಜಿನಿಯರುಗಳ ವಿಷಯ ಎಂದು ಬಿಟ್ಟುಬಿಡುತ್ತೇವೆ. ನಿಮ್ಮ ಕ್ಯಾನಿನ ಹಾಲು ಹುಳಿಯಾಗದೆ ಒಕ್ಕೂಟ ತಲುಪುವುದು, ರಾತ್ರಿ ಹೊತ್ತು ಕರು ಹಾಕಲು ಕಷ್ಟಪಡುವ ಹಸುವಿನ ಬಳಿಗೆ ವೈದ್ಯರು ಸಮಯಕ್ಕೆ ಬರುವುದು, ಇವೆರಡೂ ಈ ‘ಕಟ್ಟುವ ಹಣ’ವನ್ನೇ ನಂಬಿಕೊಂಡಿವೆ. ಈ ಹಣ ಎಂದರೇನು, ಎಷ್ಟಿದೆ, ನಮ್ಮೂರಿಗೆ ಬರುವ ದಾರಿ ಯಾವುದು, ಅದನ್ನು ಕೇಳುವ ಬಗೆ ಹೇಗೆ ಎಂಬುದೇ ಈ ತಿಂಗಳ ಪಾಠ.

1. ಮನೆ ಲೆಕ್ಕದಿಂದ ಆರಂಭಿಸೋಣ

ಹತ್ತು ದಿನಕ್ಕೋ ಹದಿನೈದು ದಿನಕ್ಕೋ ಬಟವಾಡೆ ಬಂದಾಗ ನೀವು ಹಣವನ್ನು ಮೂರು ಗಂಟು ಕಟ್ಟುತ್ತೀರಿ. ಮೊದಲನೆಯದು ಬೂಸಾ, ಹಿಂಡಿ, ಮಿನರಲ್ ಮಿಕ್ಸ್‌ಚರ್, ಮನೆ ಸಾಮಾನು, ಮಕ್ಕಳ ಫೀಸು. ಇವು ಖರ್ಚಾಗಿ ಮುಗಿಯುತ್ತವೆ, ಮುಂದಿನ ತಿಂಗಳು ಮತ್ತೆ ಬೇಕು. ಎರಡನೆಯದು ಹೊಸ ಹಸು, ಕೊಟ್ಟಿಗೆ, ಮೇವು ಕತ್ತರಿಸುವ ಯಂತ್ರ. ಇವಕ್ಕೆ ಒಮ್ಮೆ ಹಣ ಹಾಕಿದರೆ ಹಲವು ವರ್ಷ ಫಲ ಕೊಡುತ್ತವೆ. ಮೂರನೆಯದು ಸ್ತ್ರೀಶಕ್ತಿ ಸಂಘದ ಅಥವಾ ಬ್ಯಾಂಕಿನ ಸಾಲದ ಕಂತು.

ಸರ್ಕಾರದ ಲೆಕ್ಕವೂ ಇದೇ ರೀತಿ. ಮೊದಲನೆಯದಕ್ಕೆ ‘ರಾಜಸ್ವ ವೆಚ್ಚ’ ಎನ್ನುತ್ತಾರೆ. ಸಂಬಳ, ಪಿಂಚಣಿ, ಬಡ್ಡಿ, ಗೃಹಲಕ್ಷ್ಮಿಯ 2,000 ರೂ., ಹಾಲಿನ ಪ್ರೋತ್ಸಾಹಧನ ಎಲ್ಲವೂ ಇದರಲ್ಲಿ ಸೇರುತ್ತವೆ. ಎರಡನೆಯದು ‘ಬಂಡವಾಳ ವೆಚ್ಚ’. ರಸ್ತೆ, ಕಟ್ಟಡ, ನೀರಾವರಿ ಕಾಲುವೆಯಂತಹ ಬಾಳಿಕೆಯ ಆಸ್ತಿಗೆ ಹಾಕುವ ಹಣ ಇದು. ಮೂರನೆಯದು ಸಾಲದ ಅಸಲು ಮರುಪಾವತಿ.

2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಂಡಿಸಿದ 2025-26ರ ಬಜೆಟ್‌ನ ಒಟ್ಟು ಗಾತ್ರ 4,09,549 ಕೋಟಿ ರೂ. ಅದರಲ್ಲಿ:

• ರಾಜಸ್ವ ವೆಚ್ಚ: 3,11,739 ಕೋಟಿ ರೂ.
• ಬಂಡವಾಳ ವೆಚ್ಚ: 71,336 ಕೋಟಿ ರೂ.
• ಸಾಲ ಮರುಪಾವತಿ: 26,474 ಕೋಟಿ ರೂ.

ಇಷ್ಟು ದೊಡ್ಡ ಅಂಕಿ ತಲೆಗೆ ಹತ್ತುವುದಿಲ್ಲ. ನೂರು ರೂಪಾಯಿಗೆ ಇಳಿಸಿ ನೋಡಿ. ಸರ್ಕಾರ ಖರ್ಚು ಮಾಡುವ ಪ್ರತಿ 100 ರೂಪಾಯಿಯಲ್ಲಿ ಸುಮಾರು 76 ರೂ. ದಿನವಹಿ ಖರ್ಚಿಗೆ, ಹದಿನೇಳೂವರೆ ರೂ. ಕಟ್ಟುವುದಕ್ಕೆ, ಆರೂವರೆ ರೂ. ಹಳೆ ಸಾಲ ತೀರಿಸುವುದಕ್ಕೆ. ಹಿಂದಿನ ವರ್ಷದ (2024-25) ಬಜೆಟ್‌ನಲ್ಲಿ ಬಂಡವಾಳ ವೆಚ್ಚಕ್ಕೆ ಇಟ್ಟಿದ್ದು 55,877 ಕೋಟಿ ರೂ. ಅಂದರೆ 2025-26ರಲ್ಲಿ ಕಟ್ಟುವ ಹಣ 15,000 ಕೋಟಿ ರೂಪಾಯಿಗೂ ಹೆಚ್ಚು ಏರಿತು.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. 2025ರ ಏಪ್ರಿಲ್ 1ರಿಂದ ಹಾಲಿನ ಮಾರಾಟ ದರ ಲೀಟರಿಗೆ 4 ರೂ. ಹೆಚ್ಚಾಯಿತಲ್ಲ, ಅದು ಬಜೆಟ್‌ನ ಹಣವಲ್ಲ, ಹಾಲು ಕೊಳ್ಳುವ ಗ್ರಾಹಕರು ಕೊಡುವ ಹಣ. ಬಜೆಟ್‌ನಿಂದ ಬರುವುದು ಪ್ರೋತ್ಸಾಹಧನ. 2008ರಲ್ಲಿ ಲೀಟರಿಗೆ 2 ರೂ. ಇದ್ದದ್ದು 2013ರಲ್ಲಿ 4 ರೂ., 2016ರಲ್ಲಿ 5 ರೂ. ಆಯಿತು.

2. ಸಾಲ ತಂದು ಹಸು, ಸಾಲ ತಂದು ಬೂಸಾ

ಸರ್ಕಾರ 2025-26ರಲ್ಲಿ 1,16,000 ಕೋಟಿ ರೂ. ಸಾಲ ಪಡೆಯುವುದಾಗಿ ಬಜೆಟ್‌ನಲ್ಲಿ ಹೇಳಿತ್ತು. ಸಾಲ ಎಂದ ಕೂಡಲೇ ಹೆದರಬೇಕಿಲ್ಲ. ನೀವೂ ಸಾಲ ತಂದೇ ಹಸು ಕಟ್ಟಿರುತ್ತೀರಿ. ಆ ಹಸು ಹಾಲು ಕೊಟ್ಟು ತನ್ನ ಕಂತನ್ನು ತಾನೇ ಕಟ್ಟುತ್ತದೆ. ಬೂಸಾ ತರುವುದಕ್ಕೂ ಸಾಲ ಮಾಡಿದರೆ ಮಾತ್ರ ತೊಂದರೆ. ಬೂಸಾ ಖಾಲಿಯಾದ ಮೇಲೂ ಕಂತು ಉಳಿದಿರುತ್ತದೆ.

ಬಜೆಟ್‌ನಲ್ಲಿ ಇದನ್ನು ತಿಳಿಯುವ ಒಂದು ಸುಲಭ ಗುರುತಿದೆ. ಅದರ ಹೆಸರು ‘ರಾಜಸ್ವ ಕೊರತೆ’. ಸರ್ಕಾರದ ವರಮಾನಕ್ಕಿಂತ ದಿನವಹಿ ಖರ್ಚು ಎಷ್ಟು ಹೆಚ್ಚಿದೆಯೋ ಅಷ್ಟು ಮೊತ್ತವೇ ರಾಜಸ್ವ ಕೊರತೆ. 2025-26ರಲ್ಲಿ ಅದು 19,262 ಕೋಟಿ ರೂ. ಹಿಂದಿನ ಬಜೆಟ್‌ನಲ್ಲಿ 27,354 ಕೋಟಿ ಇತ್ತು. ಅಂದರೆ ಸಾಲದ ಹೆಚ್ಚಿನ ಪಾಲು ಆಸ್ತಿ ಕಟ್ಟಲು ಮತ್ತು ಹಳೆ ಸಾಲ ತೀರಿಸಲು ಹೋದರೂ, ಒಂದು ಪಾಲು ಇನ್ನೂ ದಿನವಹಿ ಖರ್ಚಿಗೆ ಹೋಗುತ್ತಿದೆ. ಇದಕ್ಕೆ ಕಡಿವಾಣ ಹಾಕಲೆಂದೇ ಕರ್ನಾಟಕದಲ್ಲಿ 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಬಂದಿತು.

“ಹಾಗಾದರೆ ನಮಗೆ ಕೊಡುವ 2,000 ರೂಪಾಯಿ ತಪ್ಪೇ?” ಎಂದು ಕೆಲವರು ಕೇಳುತ್ತಾರೆ. ತಪ್ಪಲ್ಲ. ಹಸುವಿಗೆ ಮೇವೂ ಬೇಕು, ಕೊಟ್ಟಿಗೆಯೂ ಬೇಕು. 2025-26ರಲ್ಲಿ ಐದು ಗ್ಯಾರಂಟಿಗಳಿಗೆ 51,034 ಕೋಟಿ ರೂ. ಇಟ್ಟಿದ್ದರು. ಕೈಗೆ ಬಂದ ಹಣ ಹೆಂಗಸರ ಕೈಯಲ್ಲೇ ಉಳಿದರೆ ಅದು ಮಕ್ಕಳ ಊಟಕ್ಕೆ, ಓದಿಗೆ ಹೋಗುತ್ತದೆ. ಆದರೆ ಕೈಗೆ ಬರುವ ಹಣವನ್ನು ಮಾತ್ರ ಎಣಿಸಿ, ಊರಿಗೆ ಬರಬೇಕಾದ ರಸ್ತೆಯ ಹಣವನ್ನು ಎಣಿಸದಿದ್ದರೆ ನಷ್ಟ ನಮಗೇ.

3. ರಸ್ತೆಗೂ ಹಾಲಿಗೂ ಏನು ಸಂಬಂಧ?

ಹಾಲು ಕರೆದ ಗಳಿಗೆಯಿಂದ ಅದರಲ್ಲಿರುವ ಸೂಕ್ಷ್ಮಾಣುಗಳು ಬೆಳೆಯಲು ಕಾಯುತ್ತಿರುತ್ತವೆ. ಬೆಚ್ಚಗಿನ ಹಾಲಿನಲ್ಲಿ ಅವು ಅರ್ಧ ಗಂಟೆಗೊಮ್ಮೆ ಎರಡರಷ್ಟಾಗುತ್ತವೆ ಎಂದುಕೊಳ್ಳಿ. ಒಂದು ಇದ್ದದ್ದು ಒಂದು ಗಂಟೆಗೆ 4, ಎರಡು ಗಂಟೆಗೆ 16, ಮೂರು ಗಂಟೆಗೆ 64. ಹಾಲನ್ನು 4 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿದರೆ ಈ ಓಟ ಬಹುಮಟ್ಟಿಗೆ ನಿಲ್ಲುತ್ತದೆ. ಆದ್ದರಿಂದ ನಿಮ್ಮ ಕೊಟ್ಟಿಗೆಯಿಂದ ಬಿ.ಎಂ.ಸಿ. (ಹಾಲು ತಂಪು ಮಾಡುವ ಘಟಕ) ತಲುಪುವವರೆಗಿನ ಪ್ರತಿ ಅರ್ಧ ಗಂಟೆಗೂ ಬೆಲೆಯಿದೆ. ನೀವು ಕೆಚ್ಚಲು ತೊಳೆದು, ಸ್ವಚ್ಛವಾದ ಪಾತ್ರೆಯಲ್ಲೇ ಕರೆದಿರಬಹುದು. ಆದರೂ ಮಳೆಗಾಲದಲ್ಲಿ ಹಾಲಿನ ಗಾಡಿ ಹಳ್ಳದ ಆಚೆ ಒಂದು ಗಂಟೆ ನಿಂತರೆ ನಿಮ್ಮ ಶ್ರಮ ಕ್ಯಾನಿನಲ್ಲೇ ಹುಳಿಯಾಗುತ್ತದೆ. ಹಳ್ಳಕ್ಕೆ ಒಂದು ಸಣ್ಣ ಸೇತುವೆ ಬಂದರೆ ಆ ಹಾಲು ಉಳಿಯುತ್ತದೆ.

ಬಿ.ಎಂ.ಸಿ.ಗೂ ಅಷ್ಟೇ. ಯಂತ್ರ ತಂದಿಟ್ಟರೆ ಸಾಲದು. ಮೂರು ಫೇಸ್ ವಿದ್ಯುತ್, ತೊಳೆಯಲು ಸಾಕಷ್ಟು ನೀರು, ಟ್ಯಾಂಕರ್ ತಿರುಗಲು ಜಾಗ, ಅದರ ಭಾರ ತಡೆಯುವ ರಸ್ತೆ, ಇಷ್ಟೂ ಬೇಕು. ಇವುಗಳಲ್ಲಿ ಹೆಚ್ಚಿನವು ಸಂಘದ ಕೈಯಲ್ಲಿಲ್ಲ, ಸರ್ಕಾರದ ಕಟ್ಟುವ ಹಣದಲ್ಲಿವೆ.

ಪಶುವೈದ್ಯಕೀಯದಲ್ಲಂತೂ ಸಮಯವೇ ಅರ್ಧ ಔಷಧ. ಕರು ಅಡ್ಡ ಸಿಕ್ಕಿಕೊಂಡಾಗ, ಗರ್ಭಕೋಶ ಹೊರಬಂದಾಗ, ಹಾಲು ಜ್ವರದಿಂದ ಹಸು ನೆಲಕ್ಕೆ ಬಿದ್ದಾಗ ಪ್ರತಿ ಗಂಟೆ ತಡವಾದಷ್ಟೂ ಬದುಕುವ ಅವಕಾಶ ಕಡಿಮೆಯಾಗುತ್ತಾ ಹೋಗುತ್ತದೆ. ಹಾಲು ಜ್ವರಕ್ಕೆ ಕ್ಯಾಲ್ಸಿಯಂ ಬಾಟಲಿ ಸಮಯಕ್ಕೆ ಏರಿಸಿದರೆ ಬಿದ್ದಿದ್ದ ಹಸು ಎದ್ದು ನಿಲ್ಲುವುದನ್ನು ನಿಮ್ಮಲ್ಲಿ ಹಲವರು ಕಣ್ಣಾರೆ ಕಂಡಿದ್ದೀರಿ. ಅದೇ ಬಾಟಲಿ ಕೆಟ್ಟ ರಸ್ತೆಯಿಂದಾಗಿ ತಡವಾಗಿ ಬಂದರೆ ಹಸು ಕೈತಪ್ಪಬಹುದು. ಆಕಸ್ಮಿಕವಾಗಿ ಸತ್ತ ಹಸು, ಎಮ್ಮೆಗೆ ‘ಅನುಗ್ರಹ’ ಯೋಜನೆಯಲ್ಲಿ ಕೊಡುವ ಪರಿಹಾರವನ್ನು ಈ ಬಜೆಟ್‌ನಲ್ಲಿ 10,000ದಿಂದ 15,000 ರೂಪಾಯಿಗೆ ಏರಿಸಿದ್ದಾರೆ. ಒಳ್ಳೆಯದೇ. ಆದರೆ ಆ ಹಸು ಬದುಕಿ ಉಳಿದರೆ ಅದರ ಬೆಲೆ ಇದರ ಎಷ್ಟೋ ಪಟ್ಟು.

4. ನಮ್ಮ ಡೇರಿಗಳು ಬಂದದ್ದೇ ಹೀಗೆ

ಕರ್ನಾಟಕದ ಹಾಲಿನ ಸಹಕಾರ ಚಳವಳಿ ಕಟ್ಟುವ ಹಣದಿಂದಲೇ ಬೆಳೆದದ್ದು. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ರಾಜ್ಯದಲ್ಲಿ ಡೇರಿ ಅಭಿವೃದ್ಧಿ ಯೋಜನೆ ಶುರುವಾಯಿತು. ಗುಜರಾತಿನ ಆನಂದ್ ಮಾದರಿಯಲ್ಲಿ ಹಳ್ಳಿಗೊಂದು ಸಂಘ, ಅದರ ಮೇಲೆ ಒಕ್ಕೂಟ ಎಂಬ ವ್ಯವಸ್ಥೆ ಬಂದಿತು. ಡೇರಿ ಘಟಕಗಳು, ಶೀತಲೀಕರಣ ಕೇಂದ್ರಗಳು, ಪಶು ಆಹಾರ ಕಾರ್ಖಾನೆಗಳು ಎದ್ದವು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ (ಕೆ.ಎಂ.ಎಫ್.) ರೂಪುಗೊಂಡಿತು. ಅಂದು ಕಟ್ಟಡ, ಯಂತ್ರಗಳಿಗೆ ಹಾಕಿದ ಹಣದ ಫಲವನ್ನು ಇಂದಿಗೂ ನಾವು ಬಟವಾಡೆಯಲ್ಲಿ ಉಣ್ಣುತ್ತಿದ್ದೇವೆ.

ನಿಮ್ಮ ಸಂಘದ ವಾರ್ಷಿಕ ಮಹಾಸಭೆಯಲ್ಲೂ ಇದೇ ಚರ್ಚೆ ನಡೆಯುತ್ತದೆ. ನಿವ್ವಳ ಲಾಭ ಹಂಚುವಾಗ ಬೋನಸ್ ಹೆಚ್ಚು ಬೇಕೆನ್ನುವವರಿರುತ್ತಾರೆ, ಕಟ್ಟಡ ನಿಧಿಗೆ ಸ್ವಲ್ಪ ಇಡೋಣ ಎನ್ನುವವರೂ ಇರುತ್ತಾರೆ. ಬೋನಸ್ ಪೂರ್ತಿ ಹಂಚಿಕೊಂಡ ಊರಿನಲ್ಲಿ ಡೇರಿ ಬಾಡಿಗೆ ಕೊಠಡಿಯಲ್ಲೇ ಉಳಿಯುತ್ತದೆ. ವರ್ಷವರ್ಷ ಕಟ್ಟಡ ನಿಧಿಗೆ ಇಟ್ಟ ಊರಿನಲ್ಲಿ ಒಂದು ದಿನ ಸ್ವಂತ ಕಟ್ಟಡದ ಮೇಲೆ ಸಂಘದ ಹೆಸರು ಬರೆಸುತ್ತಾರೆ. ರಾಜ್ಯದ ಬಜೆಟ್ ಎಂಬುದು ಇದೇ ಚರ್ಚೆಯ ದೊಡ್ಡ ರೂಪ.

5. ಒಂದು ಕಿಲೋಮೀಟರ್ ರಸ್ತೆ ಎಂದರೆ ಎಷ್ಟು?

ಗ್ರಾಮೀಣ ರಸ್ತೆಗಳಿಗಾಗಿ ರಾಜ್ಯದ ಬಜೆಟ್‌ನಲ್ಲಿ ಪ್ರಕಟಿಸಿದ ‘ಪ್ರಗತಿ ಪಥ’ ಯೋಜನೆಯನ್ನು ತೆಗೆದುಕೊಳ್ಳಿ. 189 ಗ್ರಾಮೀಣ ವಿಧಾನಸಭಾ ಕ್ಷೇತ್ರಗಳಲ್ಲಿ 9,450 ಕಿ.ಮೀ. ರಸ್ತೆಗೆ 5,190 ಕೋಟಿ ರೂ. ಭಾಗಿಸಿ ನೋಡಿದರೆ ಕ್ಷೇತ್ರಕ್ಕೆ 50 ಕಿ.ಮೀ., ಒಂದು ಕಿ.ಮೀ.ಗೆ ಸುಮಾರು 55 ಲಕ್ಷ ರೂ.

ಈಗ ದಿನಕ್ಕೆ 500 ಲೀಟರ್ ಹಾಲು ಹಾಕುವ ಒಂದು ಸಂಘದ ಲೆಕ್ಕ ಮಾಡಿ. ಲೀಟರಿಗೆ 5 ರೂ. ಪ್ರೋತ್ಸಾಹಧನದಂತೆ ದಿನಕ್ಕೆ 2,500 ರೂ., ವರ್ಷಕ್ಕೆ 9 ಲಕ್ಷ ರೂಪಾಯಿಗೆ ಸ್ವಲ್ಪ ಹೆಚ್ಚು. ಅಂದರೆ ಒಂದು ಕಿ.ಮೀ. ರಸ್ತೆಯ ಹಣ ಇಡೀ ಊರಿನ ಆರು ವರ್ಷದ ಪ್ರೋತ್ಸಾಹಧನಕ್ಕೆ ಸಮ! ಪ್ರೋತ್ಸಾಹಧನ ಒಂದೆರಡು ತಿಂಗಳು ತಡವಾದರೆ ನಾವು ಕಾರ್ಯದರ್ಶಿಯನ್ನು ಬಿಡದೆ ಕೇಳುತ್ತೇವೆ. ಆರು ವರ್ಷದ ಪ್ರೋತ್ಸಾಹಧನದಷ್ಟು ಬೆಲೆಯ ರಸ್ತೆ ಆರೇ ತಿಂಗಳಲ್ಲಿ ಕಿತ್ತುಹೋದರೆ ಯಾರನ್ನೂ ಕೇಳುವುದಿಲ್ಲ.

ಕಟ್ಟುವ ಹಣ ಎಲ್ಲ ಕಡೆ ಸಮನಾಗಿ ಹರಿಯುವುದಿಲ್ಲ ಎಂಬುದೂ ಗೊತ್ತಿರಲಿ. ಈ ಬಜೆಟ್‌ನಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ವಾರ್ಷಿಕ ಅನುದಾನವನ್ನು 3,000 ಕೋಟಿಯಿಂದ 7,000 ಕೋಟಿ ರೂಪಾಯಿಗೆ ಏರಿಸಿದ್ದಾರೆ. ಎಲ್ಲ ವಿಧಾನಸಭಾ ಕ್ಷೇತ್ರಗಳ ಸಣ್ಣ ನೀರಾವರಿ, ರಸ್ತೆ, ಇತರ ಮೂಲಸೌಲಭ್ಯಕ್ಕೆ ಮುಖ್ಯಮಂತ್ರಿಗಳ ಮೂಲಸೌಲಭ್ಯ ಅಭಿವೃದ್ಧಿ ಕಾರ್ಯಕ್ರಮದಲ್ಲಿ 8,000 ಕೋಟಿ ರೂ. ಇಟ್ಟಿದ್ದಾರೆ. ಕ್ಷೇತ್ರಕ್ಕೆ ಬಂದ ಹಣ ಯಾವ ಊರಿಗೆ ಎಂಬುದು ಕೇಳುವವರ ಮೇಲೂ ನಿಂತಿದೆ.

6. ಕಟ್ಟಡ ಬಂದರಷ್ಟೇ ಸಾಲದು

ಇದು ಈ ಪಾಠದ ಮುಖ್ಯ ಮಾತು. ಹಸು ತಂದವರು ಮೇವಿಗೆ ಹಣ ಇಡದಿದ್ದರೆ ಏನಾಗುತ್ತದೆ? ಕಟ್ಟಡಕ್ಕೂ ಅದೇ ಗತಿ. ಪಶು ಆಸ್ಪತ್ರೆಯ ಕಟ್ಟಡ ಬಂಡವಾಳ ವೆಚ್ಚ. ಅಲ್ಲಿನ ವೈದ್ಯರ ಸಂಬಳ, ಔಷಧ, ವಿದ್ಯುತ್ ಬಿಲ್, ಸುಣ್ಣ-ಬಣ್ಣ ರಾಜಸ್ವ ವೆಚ್ಚ. ಮೊದಲನೆಯದು ಬಂದು ಎರಡನೆಯದು ಬಾರದಿದ್ದರೆ ಬೀಗ ಹಾಕಿದ ಹೊಸ ಕಟ್ಟಡ ಉಳಿಯುತ್ತದೆ.

ಆದ್ದರಿಂದ ಊರಿಗೆ ಏನನ್ನಾದರೂ ಕೇಳುವಾಗ ಜೋಡಿಯಾಗಿ ಕೇಳಿ. ಪಶು ಆಸ್ಪತ್ರೆ ಕೇಳಿದರೆ ಜೊತೆಗೇ ವೈದ್ಯರ ಹುದ್ದೆ, ಬೋರ್‌ವೆಲ್ ಅಥವಾ ನಲ್ಲಿ ನೀರು, ಟ್ರಾವಿಸ್ (ದನವನ್ನು ನಿಲ್ಲಿಸಿ ಕಟ್ಟುವ ಕಬ್ಬಿಣದ ಚೌಕಟ್ಟು), ದನ ಹೊತ್ತ ಗಾಡಿ ಒಳಗೆ ಬರುವಷ್ಟು ಅಗಲದ ಗೇಟು ಇವನ್ನೂ ಕೇಳಿ. ಟ್ರಾವಿಸ್ ಇಲ್ಲದ ಆಸ್ಪತ್ರೆಯಲ್ಲಿ ಎಮ್ಮೆಯನ್ನು ಪರೀಕ್ಷಿಸುವುದು ಎಷ್ಟು ಕಷ್ಟವೆಂದು ಹಿಡಿದುಕೊಳ್ಳುವ ನಿಮಗೂ ಗೊತ್ತು. ರಸ್ತೆ ಕೇಳಿದರೆ ಚರಂಡಿಯನ್ನೂ ಕೇಳಿ. ನೀರು ನಿಂತ ರಸ್ತೆ ಬಾಳುವುದಿಲ್ಲ.

7. ಹಣ ಊರಿಗೆ ಬರುವ ಮೆಟ್ಟಿಲುಗಳು

ಬಜೆಟ್ ಭಾಷಣದಲ್ಲಿ ಹೆಸರು ಬಂದ ಮಾತ್ರಕ್ಕೆ ಕೆಲಸ ಶುರುವಾಗುವುದಿಲ್ಲ. ಸಾಮಾನ್ಯವಾಗಿ ಈ ಮೆಟ್ಟಿಲುಗಳಿವೆ:

• ಬೇಡಿಕೆ: ಗ್ರಾಮಸಭೆಯ ನಡಾವಳಿ, ಇಲಾಖೆಯ ಪ್ರಸ್ತಾವನೆ.
• ಅಂದಾಜು ಪಟ್ಟಿ: ಇಂಜಿನಿಯರ್ ಅಳತೆ ಮಾಡಿ ಖರ್ಚಿನ ಲೆಕ್ಕ ಬರೆಯುತ್ತಾರೆ.
• ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ.
• ಟೆಂಡರ್: 1999ರ ಪಾರದರ್ಶಕತೆ ಕಾಯ್ದೆಯಂತೆ.
• ಕಾರ್ಯಾದೇಶ: ಗುತ್ತಿಗೆದಾರರಿಗೆ ಕೆಲಸ ಶುರು ಮಾಡಲು ಅನುಮತಿ.
• ಅಳತೆ ಪುಸ್ತಕ: ಆದ ಕೆಲಸವನ್ನು ಅಳೆದು ಬರೆದ ಮೇಲೆಯೇ ಬಿಲ್ಲು.

ಯಾವ ಮೆಟ್ಟಿಲಿನಲ್ಲಿ ನಿಂತಿದೆ ಎಂದು ತಿಳಿದು ಕೇಳಿದರೆ ಉತ್ತರ ಸಿಗುತ್ತದೆ. “ನಮ್ಮ ರಸ್ತೆ ಯಾವಾಗ?” ಎಂದರೆ “ಆಗುತ್ತೆ” ಎನ್ನುತ್ತಾರೆ. “ಅಂದಾಜು ಪಟ್ಟಿ ಆಗಿದೆಯೇ? ಟೆಂಡರ್ ಕರೆದಿದ್ದಾರೆಯೇ?” ಎಂದರೆ ಕಡತ ತೆಗೆದು ನೋಡಲೇಬೇಕಾಗುತ್ತದೆ. ಅಂದಾಜು ಪಟ್ಟಿಯ ನಕಲನ್ನು ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂ. ಶುಲ್ಕದ ಅರ್ಜಿ ಹಾಕಿ ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಮುಗಿದ ಮೇಲೆ 5 ವರ್ಷ ಅದರ ನಿರ್ವಹಣೆಯೂ ಗುತ್ತಿಗೆದಾರರದೇ. ರಸ್ತೆ ಬದಿಯ ಫಲಕ ಓದಿ, ದಿನಾಂಕ ಬರೆದಿಟ್ಟುಕೊಳ್ಳಿ.

ಹಣದ ಇನ್ನೊಂದು ಮೂಲ ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿ (ಆರ್.ಐ.ಡಿ.ಎಫ್.). 1995-96ರಲ್ಲಿ ಆರಂಭವಾದ ಈ ನಿಧಿಗೆ, ಕೃಷಿ ಮತ್ತು ಆದ್ಯತಾ ವಲಯಕ್ಕೆ ನಿಗದಿಯಷ್ಟು ಸಾಲ ಕೊಡದ ಬ್ಯಾಂಕುಗಳು ಕೊರತೆಯ ಹಣವನ್ನು ಕಟ್ಟುತ್ತವೆ. ಅಲ್ಲಿಂದ ರಾಜ್ಯ ಸರ್ಕಾರ ಸಾಲ ಪಡೆದು ಹಳ್ಳಿ ರಸ್ತೆ, ಸೇತುವೆ, ಪಶು ಆಸ್ಪತ್ರೆ ಕಟ್ಟುತ್ತದೆ. ರೈತರಿಗೆ ಸಿಗದೆ ಉಳಿದ ಸಾಲದ ಹಣವೇ ಹೀಗೆ ಹಳ್ಳಿಗೆ ಮರಳುವುದರಿಂದ, ಕೇಳುವ ಹಕ್ಕು ನಮಗಿದೆ.

8. ನಿಮ್ಮ ಸ್ವಂತ ಕೊಟ್ಟಿಗೆ

2025ರಲ್ಲಿ ಉದ್ಯೋಗ ಖಾತರಿ (ನರೇಗಾ) ಯೋಜನೆಯಲ್ಲಿ ದನದ ಕೊಟ್ಟಿಗೆ ಕಟ್ಟಿಕೊಳ್ಳಲು 57,000 ರೂ. ವರೆಗೆ ನೆರವಿತ್ತು. ಕೂಲಿಯ ಹಣವನ್ನು ಕೇಂದ್ರ ಸರ್ಕಾರವೇ ಕೊಡುತ್ತಿತ್ತು. ಸಾಮಗ್ರಿ ವೆಚ್ಚದಲ್ಲಿ ಮುಕ್ಕಾಲು ಪಾಲು ಕೇಂದ್ರದ್ದು, ಕಾಲು ಪಾಲು ರಾಜ್ಯದ್ದಾಗಿತ್ತು. ಪರಿಶಿಷ್ಟ ಜಾತಿ, ಪಂಗಡದವರು, ಬಡತನ ರೇಖೆಗಿಂತ ಕೆಳಗಿನವರು, ಸಣ್ಣ ಮತ್ತು ಅತಿ ಸಣ್ಣ ರೈತರು, ಮಹಿಳೆಯೇ ಯಜಮಾನಿಯಾಗಿರುವ ಕುಟುಂಬದವರು ಅರ್ಹರಾಗಿದ್ದರು. ಜಾಬ್ ಕಾರ್ಡ್ ಕಡ್ಡಾಯವಾಗಿತ್ತು. 2025ರ ಏಪ್ರಿಲ್‌ನಿಂದ ದಿನದ ಕೂಲಿ 370 ರೂ., ಗಂಡಸರಿಗೂ ಹೆಂಗಸರಿಗೂ ಒಂದೇ ಆಗಿತ್ತು.

ಎಚ್ಚರಿಕೆ: ಪಂಚಾಯಿತಿಯ ಕಾರ್ಯಾದೇಶ ಕೈಗೆ ಬರುವ ಮುನ್ನ ಪಾಯ ತೆಗೆಯಬೇಡಿ. ಕೆಲಸಕ್ಕೆ ಮುನ್ನ, ನಡೆಯುವಾಗ, ಮುಗಿದ ಮೇಲೆ ಹೀಗೆ ಮೂರು ಹಂತದಲ್ಲಿ ಫೋಟೋ ತೆಗೆಯುತ್ತಾರೆ. ಮೊದಲ ಫೋಟೋ ಇಲ್ಲದಿದ್ದರೆ ಹಣ ಸಿಗುವುದು ಕಷ್ಟ. ಸಿಮೆಂಟ್, ಶೀಟುಗಳ ಬಿಲ್ಲುಗಳನ್ನು ಜೋಪಾನವಾಗಿಡಿ.

ಕಟ್ಟುವಾಗ ಮೇಸ್ತ್ರಿಗೆ ಈ ಅಳತೆ ಹೇಳಿ. ಒಂದು ಹಸುವಿಗೆ 3.5 ಚದರ ಮೀಟರ್ (ಸುಮಾರು 38 ಚದರ ಅಡಿ), ಎಮ್ಮೆಗೆ 4 ಚದರ ಮೀಟರ್ (43 ಚದರ ಅಡಿ) ನೆರಳಿನ ಜಾಗ. ನೆಲ ಗಂಜಲದ ಕಾಲುವೆ ಕಡೆಗೆ 5 ಅಡಿಗೆ 1 ಅಂಗುಲದಂತೆ ಇಳಿಜಾರಾಗಿರಲಿ. ನುಣುಪಾಗಿ ತೀಡಿಸಬೇಡಿ, ಗೀರು ಹಾಕಿಸಿ. ನುಣುಪು ನೆಲದಲ್ಲಿ ಗಬ್ಬದ ಹಸು ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವುದುಂಟು. ಗಂಜಲ ನಿಲ್ಲುವ ನೆಲದಿಂದ ಕೆಚ್ಚಲು ಬಾವು ಹೆಚ್ಚುತ್ತದೆ.

9. ಕಟ್ಟಡ ಕೆಲಸಕ್ಕೆ ಹೋಗುವವರು ಮನೆಯಲ್ಲಿದ್ದರೆ

ನಮ್ಮ ಎಷ್ಟೋ ಮನೆಗಳಲ್ಲಿ ಬೆಳಗ್ಗೆ ಹಾಲು ಹಾಕಿ, ಆಮೇಲೆ ಗಾರೆ ಕೆಲಸಕ್ಕೆ ಹೋಗುವವರಿದ್ದಾರೆ. ಕಾಮಗಾರಿಯ ವೆಚ್ಚದಲ್ಲಿ ಶೇ. 1ರಷ್ಟು ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗಬೇಕೆಂದು 1996ರ ಕಾಯ್ದೆ ಹೇಳಿತ್ತು. ಒಂದು ಕೋಟಿಯ ಕಟ್ಟಡವಾದರೆ 1 ಲಕ್ಷ ರೂ. ಕಾರ್ಮಿಕರದು. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಹೆಸರು ನೋಂದಾಯಿಸಿಕೊಳ್ಳಬಹುದು. ಹೆರಿಗೆ ನೆರವು, ಮಕ್ಕಳ ಓದಿಗೆ ಸಹಾಯಧನ, ಪಿಂಚಣಿಗೆ ಅವಕಾಶವಿದೆ. ಮಣ್ಣು, ಜಲ್ಲಿ ಹೊರುವ ಹೆಂಗಸರೂ ಕಟ್ಟಡ ಕಾರ್ಮಿಕರೇ.

10. ಈಗ ನೀವು ಮಾಡಬೇಕಾದ್ದು

• ಮುಂದಿನ ತಿಂಗಳ ಸಂಘದ ಸಭೆಯಲ್ಲಿ ಊರಿಗೆ ಬೇಕಾದ ಮೂರೇ ಕೆಲಸ ಆರಿಸಿ. ಹತ್ತು ಕೇಳಿದರೆ ಒಂದೂ ಆಗದು.
• ಪ್ರತಿ ಕೆಲಸದ ಮುಂದೆ ನಷ್ಟದ ಲೆಕ್ಕ ಬರೆಯಿರಿ. ಕಳೆದ ಮಳೆಗಾಲದಲ್ಲಿ ಎಷ್ಟು ದಿನ ಗಾಡಿ ಬರಲಿಲ್ಲ, ಎಷ್ಟು ಲೀಟರ್ ಹುಳಿಯಾಯಿತು ಎಂಬುದು ಸಂಘದ ಪುಸ್ತಕದಲ್ಲೇ ಇದೆ.
• ಗ್ರಾಮಸಭೆ ವರ್ಷಕ್ಕೆ ಕನಿಷ್ಠ ಎರಡು ಬಾರಿ ನಡೆಯಬೇಕು. ಮುಂದಿನ ವರ್ಷದ ಪಂಚಾಯಿತಿ ಯೋಜನೆಯ ತಯಾರಿ ಅಕ್ಟೋಬರ್ 2ರ ಸುಮಾರಿಗೆ ಶುರುವಾಗುತ್ತದೆ. ಬಜೆಟ್ ಮಂಡನೆಯಾದ ಮೇಲೆ ಕೇಳುವುದು ಬೆದೆ ಕಳೆದ ಮೇಲೆ ಇಂಜೆಕ್ಷನ್ ಕೊಡಿಸಿದಂತೆ.
• ಒಬ್ಬರೇ ಹೋಗದೆ ಹತ್ತು ಜನ ಸೇರಿ ಹೋಗಿ, ಬೇಡಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ಪಡೆಯಿರಿ. ಪಂಚಾಯಿತಿ ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರೇ. ಅವರಿಗೂ ನಿಮ್ಮ ಬಲ ಬೇಕು.

ಅಭ್ಯಾಸ

ಇವುಗಳಲ್ಲಿ ಯಾವುದು ರಾಜಸ್ವ ವೆಚ್ಚ, ಯಾವುದು ಬಂಡವಾಳ ವೆಚ್ಚ? ಅ) ಹಾಲಿನ ಪ್ರೋತ್ಸಾಹಧನ ಆ) ಹಳ್ಳದ ಸೇತುವೆ ಇ) ಪಶು ಆಸ್ಪತ್ರೆಯ ಔಷಧ ಈ) ಪಶು ಆಸ್ಪತ್ರೆಯ ಕಟ್ಟಡ ಉ) ‘ಅನುಗ್ರಹ’ ಪರಿಹಾರ.

ಉತ್ತರ: ಅ, ಇ, ಉ ರಾಜಸ್ವ. ಆ, ಈ ಬಂಡವಾಳ.

ಸಂಘದಲ್ಲಿ ಈ ಪಾಠವನ್ನು ಓದಲು ಬಾರದವರಿಗೂ ಒಬ್ಬರು ಓದಿ ಹೇಳಿ. ನೀವು ಆರಿಸಿದ ಮೂರು ಕೆಲಸಗಳ ಪಟ್ಟಿಯನ್ನು ವಿಸ್ತರಣಾಧಿಕಾರಿಗಳು ಬಂದಾಗ ಕೊಡಿ. ಪಶು ಆರೋಗ್ಯಕ್ಕೆ ಸಂಬಂಧಿಸಿದ ಬೇಡಿಕೆಯಿದ್ದರೆ, ಕಟ್ಟಡದಲ್ಲಿ ಏನೇನು ಇರಬೇಕೆಂಬ ಪಟ್ಟಿ ಬರೆಯಲು ನಾವು ಪಶುವೈದ್ಯರು ನಿಮ್ಮ ಜೊತೆ ಕೂರುತ್ತೇವೆ.